ಗುಂಟೆ ಗೊತ್ತಿಲ್ಲದ ಕಂಪ್ಯೂಟರ್

ನಮಸ್ಕಾರ್ರಿ. ಸಿಂಧನೂರಿನಿಂದ ಮಾತಾಡಾಕತ್ತೀನಿ. ಹಿಂದ ಫ್ಯಾನಿನ ಸಪ್ಪಳ ಕೇಳಿದ್ರ ಬೈಬ್ಯಾಡ್ರಿ. ರಾಯಚೂರು ಜಿಲ್ಲಾದ ಬಿಸಿಲಿಗೆ ಫ್ಯಾನ್ ಬಂದ್ ಮಾಡಿ ಮಾತಾಡೋದು ನನ್ನ ಕೈಲೆ ಆಗೂದಲ್ಲ.

ಇವತ್ತು ಸ್ವಲ್ಪ ಜಗಳದ ಮಾತು. ಸಾಲಿ ಹುಡುಗ್ರಿಗೆ ಸ್ಪ್ರೆಡ್‌ಶೀಟ್ ಕಲಿಸೋದು. ಎಕ್ಸೆಲ್ ಅನ್ರಿ, ಗೂಗಲ್ ಶೀಟ್ಸ್ ಅನ್ರಿ, ಪುಕ್ಕಟೆ ಸಿಗೋ ಲಿಬ್ರೆ ಆಫೀಸ್ ಕ್ಯಾಲ್ಕ್ ಅನ್ರಿ, ಎಲ್ಲಾ ಒಂದೇ ಮನೆತನ: ಚೌಕದೊಳಗ ಅಂಕಿ ಹಾಕಿದ್ರ ಲೆಕ್ಕ ಮಾಡಿಕೊಡೋ ಕಂಪ್ಯೂಟರ್ ಹಾಳಿ. ನನ್ನ ತಕರಾರು ಕಲಿಸೋ ರೀತಿ ಮ್ಯಾಲೆ. ನಾ ನೋಡಿದ ಸಾಲಿಯೊಳಗ ಮೊದಲನೇ ಪಾಠನೇ ಟೈಮ್ ಟೇಬಲ್. ಸೋಮವಾರ ಗಣಿತ, ಮಂಗಳವಾರ ವಿಜ್ಞಾನ, ಸುತ್ತ ಗೆರಿ ಎಳಿ, ಮ್ಯಾಲೆ ಹಳದಿ ಬಣ್ಣ ಬಳಿ. ಇದಕ್ಕ ಕಂಪ್ಯೂಟರ್ ಯಾಕ್ರಿ? ಸ್ಕೇಲು, ಸ್ಕೆಚ್ ಪೆನ್ನು ಸಾಲಲ್ಲೇನು? ವರ್ಷ ಮುಗಿದ್ರೂ ಆ ಹುಡುಗ್ರು ಒಂದು ಸಮ ಚಿಹ್ನೆ ಒತ್ತಿರಲಿಲ್ಲ. ಸಮ ಚಿಹ್ನೆ (=) ಒತ್ತಿ ಸೂತ್ರ ಬರದ್ರ ಅದು ಲೆಕ್ಕ ಹಾಕತೈತಿ, ಒತ್ತದಿದ್ರ ಬರೇ ಗೆರಿ ಹಾಕಿದ ಹಾಳಿ.

ನಾನು ಮೇಷ್ಟ್ರಲ್ಲ, ಅಕ್ಕಿ ಗಿರಣಿಯೊಳಗ ಲೆಕ್ಕ ಬರಿಯಾಂವ. ಶನಿವಾರ ಸಾಲಿ ಬಿಟ್ಟ ಮ್ಯಾಲೆ ಎರಡು ಹಳೇ ಲ್ಯಾಪ್‌ಟಾಪ್ ಹಿಡ್ಕೊಂಡು ಎಂಟನೇತ್ತೆ ಹುಡುಗ್ರ ಜೋಡಿ ಕೂಡ್ತೀನಿ. ಮೊದಲ ದಿನ ಪರದೆ ಮ್ಯಾಲಿನ ಒಂದು ಚೌಕ ತೋರಿಸಿ "ಇದಕ್ಕ ಸೆಲ್ ಅಂತಾರ" ಅಂದೆ. ಒಬ್ಬಾಂವ "ಟಾರ್ಚಿಗೆ ಹಾಕ್ತಾರಲ್ಲ, ಅದೇನ್ರಿ ಸರ್?" ಅಂದ. ಅವತ್ತಿಂದ ನಮ್ಮಲ್ಲಿ ಅದಕ್ಕ ಮನಿ ಅಂತೀವಿ, ಚೌಕಾಬಾರದ ಮನಿ ಇದ್ದಂಗ. ಉದ್ದ ಕಾಲಂಗೆ ಅಕ್ಷರ, ಅಡ್ಡ ಸಾಲಿಗೆ ಅಂಕಿ: ಎ2 ಮನಿ, ಬಿ3 ಮನಿ. ಯಾರಿಗೂ ಎರಡನೇ ಸಲ ಹೇಳೋ ಪಾಳಿ ನನಗ ಬರಲಿಲ್ಲ.

ಮುಂದಿನ ವಾರ ಮನ್ಯಾಗಿನ ಪಹಣಿ ಜೆರಾಕ್ಸ್ ತರ್ರಿ ಅಂದೆ. ಒಂದು ಹುಡುಗಿದು ಎರಡು ತುಂಡು ಹೊಲ. ಒಂದು 2 ಎಕರೆ 30 ಗುಂಟೆ, ಇನ್ನೊಂದು 1 ಎಕರೆ 20 ಗುಂಟೆ. ಪಹಣಿಯೊಳಗ ಚುಕ್ಕಿ ಹಾಕೇ ಬರ್ದಿರ್ತಾರಲ್ಲ, ಆಕಿನೂ 2.30 ಅಂತ ಹೊಡದ್ಲು, ಕೆಳಗ 1.20. ಎಂಟರ್ ಒತ್ತಿದ ಕೂಡ್ಲೇ ಕೊನೀ ಸೊನ್ನೆ ಮಾಯ. ಮೊತ್ತ 3.5 ಅಂತು.

ಒಬ್ಬ ಮೂರೂವರೆ ಎಕರೆ ಅಂದ. ಇನ್ನೊಬ್ಬ 3 ಎಕರೆ 5 ಗುಂಟೆ ಅಂದ. ಹುಡುಗಿ ಮಾತ್ರ ಮಾರಿ ಗಂಟು ಹಾಕ್ಕೊಂಡು, "ನಮ್ಮಪ್ಪ ನಾಕು ಎಕರೆ ಮ್ಯಾಲೆ ಐತಿ ಅಂತಾನಲ್ರಿ" ಅಂದ್ಲು. ಅಪ್ಪಂದೇ ಖರೆ. 40 ಗುಂಟೆಗೆ ಒಂದು ಎಕರೆ. 30ಕ್ಕ 20 ಕೂಡಿದ್ರ 50, ಅದರಾಗ 40 ಹೋಗಿ ಒಂದು ಎಕರೆ, ಉಳಿದದ್ದು 10. ಒಟ್ಟು 4 ಎಕರೆ 10 ಗುಂಟೆ. ಮೂರೂವರೆ ಅಂತ ಒಪ್ಕೊಂಡಿದ್ರ 30 ಗುಂಟೆ ಹೊಲ ಕಂಪ್ಯೂಟರಿನ ಹೊಟ್ಟಿಗೆ ಹೋಗ್ತಿತ್ತು.

ಅವತ್ತು ಇಡೀ ತಾಸು ಅದರ ಮ್ಯಾಲೇ ಹೋತು, ಹೋಗ್ಲಿ ಅಂತ ಬಿಟ್ಟೆ. ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು. ಮೂರನೇದರಾಗ ಸಮ ಚಿಹ್ನೆ, ಎ2 ಗುಣಿಲೆ 40, ಕೂಡಿಲೆ ಬಿ2. 110 ಬಂತು. ಕೆಳಗಿಂದು 60. ಎರಡೂ ಸೇರಿ 170 ಗುಂಟೆ. ಅದನ್ನ ತಿರುಗಿ ಎಕರೆ ಮಾಡಾಕ ಎರಡು ಸೂತ್ರ: 40ರಿಂದ ಭಾಗಿಸಿ ಪೂರ್ಣಾಂಕ ಅಷ್ಟೇ ಕೊಡೋದು ಇಂಟ್, ಶೇಷ ಕೊಡೋದು ಮಾಡ್. "ಮಾಡ್ ಅಂದ್ರ ಏನ್ ಮಾಡ್ಬೇಕ್ರಿ?" ಅಂತ ಹಿಂದಿನ ಸಾಲಿನಾಂವ ಕೇಳಿದ, ಹತ್ತು ನಿಮಿಷ ನಗ್ಯಾಡಿದ್ವಿ. ಶೇಷ ಅನ್ನೋದು ನಾಕನೇತ್ತೆಯೊಳಗ ಕಲ್ತಿದ್ದು, ಎಲ್ಲಿ ಬಳಸೋದು ಅಂತ ಗೊತ್ತಾಗಿದ್ದು ಆವಾಗ.

ಆಮ್ಯಾಲೆ 30 ಅಳಿಸಿ 35 ಮಾಡಂದೆ. ಕೆಳಗಿಂದು ತಂತಾನೇ 4 ಎಕರೆ 15 ಆತು. ಯಾರೂ ಮುಟ್ಟಿರಲಿಲ್ಲ. ಎಲ್ಲಾರೂ ಮುಂದಕ್ಕ ಬಂದು ಬಗ್ಗಿ ನೋಡಿದ್ರು. ಈ ಸಾಮಾನು ಹುಟ್ಟಿದ್ದೇ ಇಷ್ಟಕ್ಕ್ರಿ. ಡ್ಯಾನ್ ಬ್ರಿಕ್ಲಿನ್ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಾಗ ಓದೋ ಮುಂದ, ಹಲಗಿ ಮ್ಯಾಲೆ ಒಂದು ಅಂಕಿ ತಪ್ಪಿದ್ರ ಅದರ ಕೆಳಗಿನ ಲೆಕ್ಕ ಎಲ್ಲಾ ಅಳಿಸಿ ಬರೀಬೇಕಾಗ್ತಿತ್ತು. ತಾನೇ ಬದಲಾಗೋ ಹಲಗಿ ಯಾಕಿರಬಾರದು ಅಂತ ಅವಗ ಅನಿಸ್ತು. ಬಾಬ್ ಫ್ರಾಂಕ್‌ಸ್ಟನ್ ಜೋಡಿ ಸೇರಿ ಮಾಡಿದ ವಿಸಿಕ್ಯಾಲ್ಕ್ ಅನ್ನೋ ಸ್ಪ್ರೆಡ್‌ಶೀಟ್ 1979ರಾಗ ಆಪಲ್ 2 ಕಂಪ್ಯೂಟರಿಗೆ ಬಂತು. ಹಳದಿ ಬಣ್ಣ ಬಳಿಯಾಕ ಬಂದದ್ದಲ್ಲ ಅದು.

ಇನ್ನೊಂದು ಫಜೀತಿ. ಒಬ್ಬ ಸರ್ವೆ ನಂಬರ್ 12/2 ಅಂತ ಹೊಡದ. ಅದು ಫೆಬ್ರವರಿ 12 ಆಗಿ ಕುಂತ್ತು. ಅಂಕಿ ಹೊಡಿಯೋಕಿಂತ ಮೊದಲು ಒಂದು ಒಂಟಿ ಉದ್ಧರಣ ಚಿಹ್ನೆ (') ಹಾಕಿದ್ರ ಸುಮ್ನಿರತೈತಿ. ಹುಡುಗ್ರಿಗೆ ನಾಚಿಕಿ ಆಗಬಾರದು ಅಂತ ಹೇಳಿದೆ, ದೊಡ್ಡ ದೊಡ್ಡ ವಿಜ್ಞಾನಿಗಳ ಪಾಡೂ ಇದೇ. ಸೆಪ್ಟ್1 ಅನ್ನೋ ಜೀನಿನ, ಅಂದ್ರ ವಂಶವಾಹಿಯ, ಹೆಸರನ್ನ ಎಕ್ಸೆಲ್ ಸೆಪ್ಟೆಂಬರ್ 1 ಮಾಡಿಬಿಡ್ತಿತ್ತು. ಕಡೀಗೆ ಹೆಸರಿಡೋ ಸಮಿತಿಯವರೇ ಸೋತು ಜೀನಿನ ಹೆಸರು ಸೆಪ್ಟಿನ್1 ಅಂತ ಬದಲು ಮಾಡಿದ್ರು, 2020ರಾಗ ಅದರ ಸುದ್ದಿ ಬಂತು.

ಪರಿಚಯದ ಮೇಷ್ಟ್ರು ಒಬ್ರು, "ಇಷ್ಟು ನಿಧಾನ ಹೋದ್ರ ಸಿಲಬಸ್ ಯಾವಾಗ ಮುಗಿಸ್ತೀಯಪ್ಪ? ಚಾರ್ಟು, ಪ್ರಿಂಟು, ಮೂವತ್ತು ಫಾರ್ಮುಲಾ ಬಾಯಿಪಾಠ ಮಾಡ್ಸು" ಅಂದ್ರು. ಅವರ ಕಷ್ಟ ನನಗ ತಿಳಿತೈತಿ, ಪರೀಕ್ಷೆ ಬರೆಸೋರು ಅವರು. ಆದ್ರ ಒಪ್ಪಾಕ ಮನಸ್ಸು ಬರವಲ್ದು. ಮೂವತ್ತು ಫಾರ್ಮುಲಾ ಬಾಯಿಪಾಠ ಮಾಡಿದ ಹುಡುಗ 3.5 ನೋಡಿ ಸುಮ್ನ ಬರಕೊಂಡು ಹೋಗ್ತಾನ. ಅದಕ್ಕ ನಮ್ಮಲ್ಲಿ ಒಂದು ನೇಮ ಐತಿ: ಎಂಟರ್ ಒತ್ತೋಕಿಂತ ಮೊದಲು ಉತ್ತರ ಅಂದಾಜು ಎಷ್ಟು ಅಂತ ಬಾಯಿಲೆ ಹೇಳ್ಬೇಕು. ತಪ್ಪಿದ್ರ ಎಲ್ಲಾರ ಮುಂದ ಒಂದು ಗಾದಿ ಮಾತು ಹೇಳ್ಬೇಕು.

ನನಗೂ ಒಂದು ಗಾದಿ ಹೇಳೋ ಪಾಳಿ ಬಂತು. ಹೋದ ಶನಿವಾರ ಅದೇ ಹುಡುಗಿ ಪಹಣಿ ಮಡಿಚಿಟ್ಟದ್ದು ಬಿಚ್ಚಿ, ಗುಂಟೆ ಪಕ್ಕಕ್ಕ ಬೆರಳಿಟ್ಲು. "ಸರ್, ಇಲ್ಲಿ ಆಣೆನೂ ಐತಲ್ರಿ? 16 ಆಣೆಗೆ ಒಂದು ಗುಂಟೆ ಅಂತ ನಮ್ಮಜ್ಜ ಹೇಳಿದ. ಅದಕ್ಕ ಕಾಲಂ ಎಲ್ಲೈತಿ?"

ನಾನು ಮರ್ತಿದ್ದೆ. ಆಕಿನೇ ಹೊಸಾ ಕಾಲಂ ಸೇರಿಸಿ, ನನ್ನ ಸೂತ್ರ ಅಳಿಸಿ, ಬ್ಯಾರೆ ಬರದ್ಲು.