ಚಾರ್ಮಾಡಿ ಇಳಿಯೋಕೆ ಮುಂಚೆ ಟೈರಿನ ಒಳಮಗ್ಗುಲು ನೋಡಿದ್ವಿ

ಕೊಟ್ಟಿಗೆಹಾರ. ಬೆಳಿಗ್ಗೆ ಎಂಟೂವರೆ, ಲೆನ್ಸ್ ಮೇಲೆಲ್ಲ ಮಂಜು. ನೀರುದೋಸೆ ತಿಂದಿದ್ದು ಶೂಟ್ ಮಾಡ್ಲಿಲ್ಲ, ಅಷ್ಟು ಹಸಿವಾಗಿತ್ತು. ಇಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ. ಹಿಂದಿನ ಸೀಟಲ್ಲಿ ಅಮ್ಮ.

ಗಾಳಿ ನೋಡಿಸೋಣ ಅಂತ ಪಂಕ್ಚರ್ ಅಂಗಡಿ ಹತ್ರ ನಿಲ್ಲಿಸಿದೆ. ಆ ಅಣ್ಣ ಗಾಳಿ ಪೈಪ್ ಮುಟ್ಟೋಕೆ ಮುಂಚೆನೇ "ಸ್ಟೇರಿಂಗ್ ಪೂರ್ತಿ ತಿರುಗ್ಸಿ ಮಾರಾಯ್ರೆ" ಅಂದ್ರು. ಇದೇ ಆ ಶಾಟ್. ಎಡಗಡೆ ಮುಂದಿನ ಟೈರು. ಹೊರಗಿನ ಅಂಚಲ್ಲಿ ಬಟನ್, ಅಂದ್ರೆ ರಸ್ತೆ ಹಿಡಿಯೋ ಉಬ್ಬು ರಬ್ಬರ್, ಚೆನ್ನಾಗೇ ಇದೆ. ಒಳಗಡೆ ನೋಡಿ, ತಂತಿ ಕಾಣ್ತಿದೆ! ಎದೆ ಧಸಕ್ ಅಂತು. ಬೆಂಗಳೂರಿಂದ ಅಮ್ಮನ್ನ ಕೂರಿಸ್ಕೊಂಡು ಹೈವೇಲಿ ಇದೇ ಟೈರ್ ಮೇಲೆ ಬಂದಿದ್ದೀನಿ.

ಎರಡು ತಿಂಗಳ ಹಿಂದೆ ಒಂದು ಗುಂಡಿಗೆ ಜೋರಾಗಿ ಬಿದ್ದಿತ್ತು. ಆಮೇಲಿಂದ ಗಾಡಿ ಸ್ವಲ್ಪ ಎಡಕ್ಕೆ ಎಳೀತಿತ್ತು. ರೋಡೇ ಹಾಗಿದೆ ಅಂದ್ಕೊಂಡು ಬಿಟ್ಟುಬಿಟ್ಟೆ. ಅಲೈನ್‌ಮೆಂಟ್, ಅಂದ್ರೆ ಚಕ್ರ ನಿಲ್ಲೋ ಕೋನ, ಹೋದ್ರೆ ಚಕ್ರ ನೆಟ್ಟಗೆ ಉರುಳಲ್ಲ, ಓರೆಯಾಗಿ ರಸ್ತೆಗೆ ಉಜ್ಜಿಕೊಂಡೇ ಹೋಗುತ್ತೆ. ಅಲೈನ್‌ಮೆಂಟಿಗೆ 450 ರೂಪಾಯಿ. ಅದನ್ನ ಮಾಡಿಸದೇ ಇದ್ದಿದ್ದಕ್ಕೆ ಒಂದು ಟೈರ್ 5,600, ಬಲಗಡೆದೂ ಅದೇ ದಾರಿ ಹಿಡಿದಿತ್ತು, ಎರಡಕ್ಕೆ 11,200. ಇನ್ನೂ ಹದಿನೈದು ಸಾವಿರ ಕಿಲೋಮೀಟರ್ ಆರಾಮಾಗಿ ಓಡ್ಬೇಕಿದ್ದ ಟೈರು! ದುಡ್ಡಿಗಿಂತ ಈ ವಿಷಯ ಹೊಟ್ಟೆ ಉರಿಸುತ್ತೆ. ಹೊರಗಿಂದ ನೋಡಿ ಚೆನ್ನಾಗಿದೆ ಅನ್ಬೇಡಿ, ಸ್ಟೇರಿಂಗ್ ತಿರುಗಿಸಿ, ಕೈ ಹಾಕಿ ಮುಟ್ಟಿ ನೋಡಿ.

ನಡುವೆ ಮಾತ್ರ ಸವೆದಿದ್ರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ರೆ ಗಾಳಿ ಕಮ್ಮಿ. ಎಷ್ಟು ಹಾಕ್ಬೇಕು ಅಂತ ಡ್ರೈವರ್ ಬಾಗಿಲ ಹತ್ರ ಸ್ಟಿಕರಲ್ಲಿ ಇರುತ್ತೆ, ಬಂಕ್ ಹುಡುಗನ ಅಂದಾಜಿಗೆ ಬಿಡ್ಬೇಡಿ. ಟೈರ್ ತಣ್ಣಗಿದ್ದಾಗ ನೋಡ್ಬೇಕು. ಗಾಳಿ ಬದಲು ನೈಟ್ರೋಜನ್ ತುಂಬಿಸೋಕೆ ದುಡ್ಡು ಕೊಡ್ಬೇಡಿ, ಮಾಮೂಲಿ ಗಾಳಿಲೇ 78 ಪರ್ಸೆಂಟ್ ನೈಟ್ರೋಜನ್ ಇದೆ. ಫ್ರೀ ಹಾಕಿದ್ರೆ ಹಾಕಿಸ್ಕೊಳ್ಳಿ, ಬೇಡ ಅನ್ನಲ್ಲ.

ಅಯ್ಯೋ, ಸ್ಟೆಪ್ನಿ ಶಾಟ್ ಬಂತು. ಪಕ್ಕದಲ್ಲಿ ನಾಲ್ಕು ಅಂಕಿ, 2217. ಅಂದ್ರೆ 2017ರ 22ನೇ ವಾರ ತಯಾರಾಗಿದ್ದು. ಒಂದಿನವೂ ಓಡಿಲ್ಲ, ಆದ್ರೂ ವಯಸ್ಸಾಗಿ ರಬ್ಬರ್ ಪೆಡಸಾಗಿದೆ. ಇದನ್ನ ನಂಬಿ ಘಾಟಿ ಇಳಿಯಲ್ಲ ಅಂತ ನಿಧಾನಕ್ಕೆ ವಾಪಸ್ ಚಿಕ್ಕಮಗಳೂರಿಗೆ.

ಅಲ್ಲಿನ ಟೈರ್ ಅಂಗಡಿಯವರು ಹೊಸ ಟೈರ್ ಎರಡೂ ಮುಂದಕ್ಕೆ ಹಾಕ್ತೀವಿ ಅಂದ್ರು. ಹಿಂದೊಂದು ವಿಡಿಯೋದಲ್ಲಿ ನಾನೂ ಹಾಗೇ ಹೇಳಿದ್ದೆ, ತಪ್ಪು, ವಾಪಸ್ ತಗೋತೀನಿ. ಒದ್ದೆ ರಸ್ತೆ ತಿರುವಲ್ಲಿ ಹಿಂದಿನ ಚಕ್ರ ಜಾರಿದ್ರೆ ಗಾಡಿ ತಿರುಗೇಬಿಡುತ್ತೆ, ಹಿಡಿಯೋದು ಕಷ್ಟ. ಹೊಸದು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಆಮೇಲೆ ಅಲೈನ್‌ಮೆಂಟ್. ಮುಂದಕ್ಕೆ ಬಂದ ಟೈರಲ್ಲಿ ಇನ್ನೂ 4 ಮಿಲಿಮೀಟರ್ ಬಟನ್ ಇದೆ. 1.6ಕ್ಕೆ ಬದಲಾಯಿಸ್ಬೇಕು ಅನ್ನೋದು ನಿಯಮ. ಮಲೆನಾಡಿನ ಮಳೇಲಿ ಓಡಿಸೋರು 3ಕ್ಕೇ ಬದಲಾಯಿಸಿ, ನೀರು ಹೊರಗೆ ಹೋಗೋಕೆ ಬಟನ್ ನಡುವಿನ ಸಂದು ಆಳ ಇರ್ಬೇಕು.

ಇದು ಅಣ್ಣಪ್ಪಸ್ವಾಮಿ ಗುಡಿ, ಘಾಟಿ ಮಧ್ಯೆ. ಸಂಜೆ ನಾಲ್ಕೂವರೆ ಆಗೋಯ್ತು. ಸ್ಟೇರಿಂಗ್ ಈಗ ನೆಟ್ಟಗಿದೆ. ಅಮ್ಮ ಕಾಣಿಕೆ ಹಾಕಿ ಬರ್ತಿದ್ದಾರೆ, ಮಳೆ ಹನೀತಿದೆ, ಕ್ಯಾಮೆರಾ ಒಳಗಿಡ್ತೀನಿ.