ಮೊದಲ ಬ್ಯಾಲೆ ನಗಿಸೋ ಬ್ಯಾಲೆನೇ ಆಗಿರಲಿ

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಬ್ಯಾಲೆ ಅಂದ್ರೆ ಮೂರು ಗಂಟೆ ತುದಿಗಾಲಲ್ಲಿ ಓಡಾಡೋದು, ಕೊನೆಗೆ ಯಾರಾದರೂ ಸಾಯೋದು. ನಮ್ಮಂಥವರಿಗಲ್ಲ ಬಿಡಿ." ಸ್ವಾಮಿ, ನೀವು ನೋಡಿರೋದು ‘ಸ್ವಾನ್ ಲೇಕ್’ ತಾನೇ? ಎಲ್ಲರೂ ಅಲ್ಲಿಂದಲೇ ಶುರು ಮಾಡ್ತಾರೆ. ನಾಲ್ಕು ಅಂಕ, ಒಂದು ಶಾಪ, ಸಾಲು ಸಾಲು ಹಂಸ. ದೊಡ್ಡ ಕೃತಿ, ಎರಡು ಮಾತಿಲ್ಲ. ಆದರೆ ಮೊದಲ ಸಲಕ್ಕೆ ಅದು ಬೇಡ. ಮೊದಲ ಬ್ಯಾಲೆ ನಗಿಸೋ ಬ್ಯಾಲೆನೇ ಆಗಬೇಕು.

ಯಾವುದು ಅಂತೀರಾ? ‘ಲಾ ಫೀ ಮಾಲ್ ಗಾರ್ದೇ’. ಫ್ರಾನ್ಸಿನ ಬೋರ್ದೋದಲ್ಲಿ 1789ರ ಜುಲೈ 1ರಂದು ಮೊದಲ ಪ್ರದರ್ಶನ. ಎರಡು ವಾರ ಕಳೆಯೋದರೊಳಗೆ ಪ್ಯಾರಿಸ್‌ನಲ್ಲಿ ಬಾಸ್ಟೀಲ್ ಕೋಟೆ ಬಿತ್ತು. ಇದರಲ್ಲಿ ರಾಜಕುಮಾರನೂ ಇಲ್ಲ, ದೆವ್ವವೂ ಇಲ್ಲ. ವಿಧವೆ ಸಿಮೋನ್, ಅವಳ ಮಗಳು ಲೀಸ್, ಲೀಸ್ ಮೆಚ್ಚಿದ ರೈತರ ಹುಡುಗ ಕೋಲಾ, ತಾಯಿ ಗೊತ್ತು ಮಾಡಿರೋ ಸಾಹುಕಾರನ ಪೆದ್ದ ಮಗ ಅಲೆನ್. ಅಷ್ಟೇ ಕಥೆ. ಈಗ ಹೆಚ್ಚು ಕಾಣಸಿಗೋದು ಲಂಡನ್‌ನ ರಾಯಲ್ ಬ್ಯಾಲೆಗೆ ಫ್ರೆಡರಿಕ್ ಆಷ್ಟನ್ 1960ರಲ್ಲಿ ಕಟ್ಟಿದ ರೂಪ. ಎರಡೇ ಅಂಕ. ಪರದೆ ಎದ್ದು ಸ್ವಲ್ಪ ಹೊತ್ತಿಗೇ ಒಂದು ಹುಂಜ, ನಾಲ್ಕು ಹೇಂಟೆ ಬಂದು ಕುಣಿದು ಹೋಗ್ತವೆ. ನೀವು ನಕ್ಕಿರ್ತೀರಿ. ಮುಗೀತು, ಭಯ ಹೋಯ್ತು!

"ಕಾಮಿಡಿ ಅಂದ್ರೆ ಹಗುರ, ಅದರಲ್ಲೇನು ಕಲೆ" ಅನ್ನೋರು ಇದ್ದಾರೆ. ಬನ್ನಿ, ರಿಬ್ಬನ್ ನೋಡೋಣ. ಲೀಸ್ ಒಂದೇ ಕಾಲ ತುದಿ ಮೇಲೆ ನಿಂತಿದ್ದಾಳೆ, ಇನ್ನೊಂದು ಕಾಲು ಮಡಿಸಿ ಹಿಂದಕ್ಕೆ ಎತ್ತಿದ್ದಾಳೆ. ಕೈಯಲ್ಲಿ ಎಂಟು ರಿಬ್ಬನ್ನಿನ ತುದಿ. ಆ ಕಡೆ ತುದಿಗಳನ್ನ ಹಿಡಿದು ಎಂಟು ಗೆಳತಿಯರು ಸುತ್ತ ನಡೀತಾರೆ, ಚಕ್ರದ ಅಚ್ಚಿನ ಥರ ಅವಳು ನಿಂತಲ್ಲೇ ತಿರುಗ್ತಾಳೆ. ಹಿಡಿದು ನಿಲ್ಲಿಸೋಕೆ ಪಕ್ಕದಲ್ಲಿ ಗಂಡು ಇಲ್ಲ. ಎಂಟೂ ರಿಬ್ಬನ್ನಿನ ಬಿಗಿ ಒಂದೇ ಸಮ ಇರಬೇಕು. ಒಬ್ಬಳು ಅರ್ಧ ಹೆಜ್ಜೆ ಮುಂದೆ ಹೋದರೆ ಅವಳ ಕಡೆ ಎಳೆತ, ಹಿಂದೆ ಉಳಿದರೆ ರಿಬ್ಬನ್ ಜೋತುಬೀಳುತ್ತೆ, ಲೀಸ್‌ಗೆ ಆಸರೆ ತಪ್ಪುತ್ತೆ. ಮುಂದೆ ಕಂಬದ ಸುತ್ತ ರಿಬ್ಬನ್ ಹೆಣೆಯೋ ಕುಣಿತವೂ ಇದೆ. ನಮ್ಮ ಜಡೆ ಕೋಲಾಟ ಆಡಿದವರಿಗೆ ಗೊತ್ತು: ಒಬ್ಬರು ಒಳಗೆ ನುಸುಳೋ ಬದಲು ಹೊರಗೆ ಹೋದರೆ ಸಾಕು, ಜಡೆ ಬಿಚ್ಚೋಕೇ ಬರಲ್ಲ. ಇದನ್ನ ಹಗುರ ಅಂತೀರಾ?

ಅದಕ್ಕೇ ಒಂದು ಮಾತು ಬರ್ಕೊಳ್ಳಿ: ಮುಂದಿನ ಸಾಲಿನ ದುಬಾರಿ ಟಿಕೆಟ್ ಬೇಡ. ಮೇಲಿನ ಮಹಡಿಯಲ್ಲಿ, ರಂಗಕ್ಕೆ ನೇರ ಎದುರಿಗೆ ಕೂತರೆ ರಿಬ್ಬನ್ನಿನ ಚಿತ್ತಾರ ಪೂರ್ತಿ ಕಾಣುತ್ತೆ. ತೀರ ಬದಿಯ ಸೀಟು ಮಾತ್ರ ಬೇಡ, ಅರ್ಧ ರಂಗ ಮರೆಯಾಗುತ್ತೆ. ಇಂಥ ಮಾಹಿತಿ ಬೇಕಂದ್ರೆ ಸಬ್‌ಸ್ಕ್ರೈಬ್ ಆಗಿ, ಗಂಟೆನೂ ಒತ್ತಿ.

ಇನ್ನೊಂದು ತಕರಾರು: "ಗಂಡಸಿಗೆ ಸೀರೆ ಉಡಿಸಿ ನಗಿಸೋದು ಅಗ್ಗದ ಹಾಸ್ಯ." ಹೌದು, ಸಿಮೋನ್ ಪಾತ್ರ ಮಾಡೋದು ಗಂಡಸೇ. ಸೀರೆಯಲ್ಲ, ಲಂಗ. ಯಕ್ಷಗಾನದ ಸ್ತ್ರೀವೇಷಕ್ಕೆ ರಾತ್ರಿಯಿಡೀ ಕೂತ ನಾಡು ಈ ಮಾತಾಡಬಾರದು. ಆ ಸಿಮೋನ್ ಮರದ ಅಟ್ಟೆಯ ಬೂಟು ಹಾಕ್ಕೊಂಡು ನಾಲ್ಕು ಹುಡುಗಿಯರ ಜೊತೆ ಕುಣೀತಾಳೆ. ಇಂಗ್ಲೆಂಡಿನ ಲ್ಯಾಂಕಶೈರ್ ಕಡೆಯ ಕುಣಿತ ಅದು. ಬಟ್ಟೆಯ ಬ್ಯಾಲೆ ಷೂನಲ್ಲಿ ತಾಳ ಕೂದಲೆಳೆ ತಪ್ಪಿದರೆ ಮುಚ್ಚಿಹೋಗಬಹುದು. ಮರದಲ್ಲಿ ಮುಚ್ಚಲ್ಲ. ಒಂದು ಹಿಮ್ಮಡಿ ತಡವಾದರೂ ಕೊನೇ ಸಾಲಿಗೆ ‘ಟಕ್’ ಅಂತ ಕೇಳುತ್ತೆ.

"ಮಾತೇ ಇಲ್ಲ, ಅರ್ಥ ಹೇಗೆ ಆಗುತ್ತೆ?" ಅಯ್ಯೋ, ಎರಡನೇ ಅಂಕ ನೋಡಿ! ತಾಯಿ ಬಾಗಿಲಿಗೆ ಬೀಗ ಹಾಕಿ ಹೋಗಿದ್ದಾಳೆ. ಲೀಸ್ ಒಬ್ಬಳೇ ಅಂದ್ಕೊಂಡು ಕೈಸನ್ನೆಯಲ್ಲೇ ಕನಸು ಕಾಣ್ತಾಳೆ: ಮದುವೆ ಉಡುಪು, ಬಸಿರು, ಮಕ್ಕಳು, ತುಂಟನಿಗೆ ಗದರಿಕೆ. ಅಷ್ಟರಲ್ಲಿ ಒಟ್ಟಿದ್ದ ಸಿವುಡಿನೊಳಗಿಂದ ಕೋಲಾ ಎದ್ದುಬರ್ತಾನೆ, ಅಷ್ಟೂ ನೋಡಿಬಿಟ್ಟಿದ್ದಾನೆ! ಇದಕ್ಕೆ ಮಾತು ಬೇಕಾ? ರಷ್ಯಾದ ಪೀಟರ್ಸ್‌ಬರ್ಗಿನಲ್ಲಿ ನಡೆದು ಬಂದಿದ್ದ ಈ ಸನ್ನೆಗಳನ್ನ ಆಷ್ಟನ್‌ಗೆ ಕಲಿಸಿದ್ದು ತಮಾರಾ ಕರ್ಸಾವಿನಾ, ತನ್ನ ಕಾಲದ ಮಹಾ ನರ್ತಕಿ. ಹಗುರದ್ದಾಗಿದ್ದರೆ ಅಷ್ಟು ಜತನದಿಂದ ಕಾಪಾಡ್ತಿದ್ದರಾ?

ಮೊದಲ ಬ್ಯಾಲೆ ನಗಿಸೋ ಬ್ಯಾಲೆನೇ ಆಗಬೇಕು. ನೂರು ಸಲ ಹೇಳ್ತೀನಿ. ಮಕ್ಕಳನ್ನ ಕರ್ಕೊಂಡು ಹೋಗಿ, ಅಜ್ಜಿನೂ ಬರಲಿ, ಇದರಲ್ಲಿ ಪುಟ್ಟ ತಟ್ಟು ಕುದುರೆನೂ ರಂಗಕ್ಕೆ ಬರುತ್ತೆ, ನಿಜವಾದ ಕುದುರೆ! ಹಂಸಗಳು ಎಲ್ಲಿಗೂ ಹೋಗಲ್ಲ, ಆಮೇಲೆ ನೋಡಿ. ಕೊನೆಯಲ್ಲಿ ಎಲ್ಲರೂ ಕುಣೀತಾ ಹೊರಗೆ ಹೋದರು ಅಂತ ಪಾರ್ಕಿಂಗ್ ಕಡೆ ಓಡಬೇಡಿ, ಅಲೆನ್‌ನ ಕೊಡೆ ಇನ್ನೂ ಒಳಗೇ ಇದೆ, ಅವನು ಅದಕ್ಕೆ ವಾಪಸ್ ಬರ್ತಾನೆ. ಮುಂದಿನ ವಾರ 1870ರ ‘ಕೊಪೇಲಿಯಾ’, ಅದೂ ನಗಿಸೋದೇ. ಒಪ್ಪದವರು ಕೆಳಗೆ ಬರೀರಿ, ಆದರೆ ನೋಡಿ ಬಂದು ಬರೀರಿ!