ಡ್ರೈವರ್ ಇಲ್ಲದ ಕಾರು: ಇಳಿದು ನೋಡೋರು ಯಾರು?

ನಮಸ್ಕಾರ ಎಲ್ಲರಿಗೂ. ನಮ್ಮಪ್ಪ ಇಪ್ಪತ್ತಾರು ವರ್ಷ ಲಾರಿ ಓಡಿಸಿದೋರು, ಹುಬ್ಬಳ್ಳಿ-ಬೆಂಗಳೂರು ರೂಟೇ ಜಾಸ್ತಿ. ನಂಗೆ ಡ್ರೈವಿಂಗ್ ಕಲಿಸುವಾಗ ಒಂದು ಮಾತನ್ನ ಹತ್ತು ಸಲ ಹೇಳಿದ್ರು: ಗಾಡಿಗೆ ಏನೋ ತಗುಲಿತು ಅನ್ನಿಸ್ತಾ, ಅಲ್ಲೇ ನಿಲ್ಸು, ಇಳಿದು ನೋಡು, ನೋಡೋವರೆಗೂ ಗಾಡಿ ಒಂದಿಂಚೂ ಸರಿಸಬೇಡ. ಈ ಮಾತು ಯಾಕೆ ಹೇಳ್ದೆ ಅಂತ ಈಗ ಗೊತ್ತಾಗುತ್ತೆ.

[ಸ್ಕ್ರೀನ್ ಮೇಲೆ: ಸ್ಯಾನ್ ಫ್ರಾನ್ಸಿಸ್ಕೋ, 2023 ಅಕ್ಟೋಬರ್ 2, ರಾತ್ರಿ]

ರಸ್ತೆ ದಾಟ್ತಿದ್ದ ಒಬ್ಬ ಮಹಿಳೆಗೆ ಒಂದು ಮಾಮೂಲಿ ಕಾರು, ಅಂದ್ರೆ ಮನುಷ್ಯ ಓಡಿಸ್ತಿದ್ದ ಕಾರು, ಡಿಕ್ಕಿ ಹೊಡೆಯುತ್ತೆ. ಆಕೆ ಎಗರಿ ಪಕ್ಕದ ಲೇನಲ್ಲಿ ಬರ್ತಿದ್ದ ಕ್ರೂಸ್ ಕಂಪನಿಯ ಡ್ರೈವರ್‌ಲೆಸ್ ಟ್ಯಾಕ್ಸಿ ಮುಂದೆ ಬೀಳ್ತಾರೆ. ಆ ಟ್ಯಾಕ್ಸಿ ಜೋರಾಗಿ ಬ್ರೇಕ್ ಹಾಕುತ್ತೆ, ಆದ್ರೂ ತಗುಲುತ್ತೆ. ಇಲ್ಲಿವರೆಗೆ ಅದನ್ನ ತಪ್ಪು ಅನ್ನೋದು ಕಷ್ಟ. ಆಮೇಲೆ ಆಗಿದ್ದು ನೋಡಿ. ಕಾರಿನ ಕಂಪ್ಯೂಟರ್ ಇದನ್ನ ಸೈಡಿಂದ ಆದ ಡಿಕ್ಕಿ ಅಂತ ತಪ್ಪಾಗಿ ಲೆಕ್ಕ ಹಾಕ್ತು, ಸೈಡ್ ಡಿಕ್ಕಿ ಆದ್ರೆ ಟ್ರಾಫಿಕ್‌ಗೆ ಅಡ್ಡ ಆಗ್ದೇ ಪಕ್ಕಕ್ಕೆ ಹೋಗಿ ನಿಲ್ಸು ಅನ್ನೋದು ಅದಕ್ಕೆ ಕೊಟ್ಟಿದ್ದ ಪಾಠ, ಹಂಗಾಗಿ ಅದು ಪಕ್ಕಕ್ಕೆ ಹೊರಡ್ತು, ಕೆಳಗೆ ಸಿಕ್ಕಿಹಾಕ್ಕೊಂಡಿದ್ದ ಆಕೆಯನ್ನ ಸುಮಾರು 20 ಅಡಿ ಎಳ್ಕೊಂಡೇ ಹೋಯ್ತು. ಇಳಿದು ನೋಡೋಕೆ ಡ್ರೈವರ್ ಸೀಟಲ್ಲಿ ಯಾರೂ ಇರ್ಲಿಲ್ಲ. ಆಕೆ ಬದುಕಿ ಉಳಿದ್ರು, ತುಂಬಾ ಗಾಯಗಳಾಗಿತ್ತು.

ಇದಾದ ಮೇಲೆ ಕಂಪನಿ ನಡ್ಕೊಂಡ ರೀತಿ ನಂಗೆ ಇನ್ನೂ ಬೇಜಾರು. ಎಳ್ಕೊಂಡು ಹೋದ ವಿಷಯವನ್ನ ಸರ್ಕಾರಕ್ಕೆ ಕೊಟ್ಟ ರಿಪೋರ್ಟಲ್ಲಿ ಬರೀಲೇ ಇಲ್ಲ. ಅಕ್ಟೋಬರ್ 24ಕ್ಕೆ ಕ್ಯಾಲಿಫೋರ್ನಿಯಾ ಪರ್ಮಿಟ್ ಸಸ್ಪೆಂಡ್ ಮಾಡ್ತು, 950 ಕಾರು ರೀಕಾಲ್ ಆಯ್ತು, 2024ರಲ್ಲಿ ಸುಳ್ಳು ರಿಪೋರ್ಟ್ ಕೊಟ್ಟಿದ್ದನ್ನ ಕಂಪನಿನೇ ಒಪ್ಕೊಂಡು 5 ಲಕ್ಷ ಡಾಲರ್ ದಂಡ ಕಟ್ತು, ಅದೇ ಡಿಸೆಂಬರಲ್ಲಿ ಮಾಲೀಕ ಕಂಪನಿ ಜನರಲ್ ಮೋಟಾರ್ಸ್ ಈ ಟ್ಯಾಕ್ಸಿ ಬಿಸಿನೆಸ್‌ಗೆ ದುಡ್ಡು ಹಾಕೋದನ್ನೇ ನಿಲ್ಸಿಬಿಡ್ತು.

ಹಂಗಂತ ಡ್ರೈವರ್‌ಲೆಸ್ ಕಾರೇ ಬೇಡ ಅಂತೀನಾ? ಇಲ್ಲ.

[ಸ್ಕ್ರೀನ್ ಮೇಲೆ: ರಾತ್ರಿ ಹೈವೇ, ಲಾರಿ ಲೈಟುಗಳು]

ಅಪ್ಪ ಹೇಳ್ತಾರೆ, ಶಿರಾ ದಾಟಿದ ಮೇಲೆ ಬೆಳಗಿನ ಜಾವ ಮೂರು ಗಂಟೆಗೆ ಕಣ್ಣು ತಾನಾಗೇ ಎಳೆಯುತ್ತೆ, ಎರಡು ಸೆಕೆಂಡು ಮುಚ್ಚಿದ್ದೂ ಗೊತ್ತಾಗಲ್ಲ ಅಂತ. ಜೊತೆಗೆ ಓಡಿಸ್ತಿದ್ದ ಸ್ನೇಹಿತರನ್ನ ಹಂಗೇ ಕಳ್ಕೊಂಡಿದ್ದಾರೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತೋರು 1,68,491 ಜನ, ಇದು ಸರ್ಕಾರದ್ದೇ ಲೆಕ್ಕ. ಮಷಿನ್‌ಗೆ ನಿದ್ದೆ ಬರಲ್ಲ, ಅದು ಕುಡಿಯಲ್ಲ, ವಾಟ್ಸಾಪ್ ನೋಡಲ್ಲ. ಮೇಲ್ಗಡೆ ಕೂತಿರೋ ಲೈಡಾರ್ ಲೇಸರ್ ಬೆಳಕು ಬಿಟ್ಟು ಅದು ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ಅಳೆದು ಸುತ್ತ ಯಾವುದು ಎಷ್ಟು ದೂರ ಇದೆ ಅಂತ ಲೆಕ್ಕ ಹಾಕುತ್ತೆ, ಕತ್ತಲಾದ್ರೂ ಸರಿ, ಕ್ಯಾಮೆರಾ ಸಿಗ್ನಲ್ ಬಣ್ಣ ನೋಡುತ್ತೆ, ರೇಡಾರ್ ಮುಂದಿನ ಗಾಡಿ ಸ್ಪೀಡ್ ಹಿಡಿಯುತ್ತೆ, ನಾಲ್ಕೂ ದಿಕ್ಕು ಒಟ್ಟಿಗೆ.

2009ರಲ್ಲಿ ಗೂಗಲ್ ಶುರು ಮಾಡಿದ ಡ್ರೈವರ್‌ಲೆಸ್ ಕಾರಿನ ಪ್ರಾಜೆಕ್ಟೇ ಇವತ್ತಿನ ವೇಮೋ ಕಂಪನಿ. ಅವ್ರು 2025ರ ಜನವರಿವರೆಗಿನ 5.67 ಕೋಟಿ ಮೈಲಿ ಲೆಕ್ಕ ತೆಗೆದು, ಅದೇ ಊರುಗಳಲ್ಲಿ ಮನುಷ್ಯರು ಓಡಿಸೋದಕ್ಕೆ ಹೋಲಿಸಿದ್ರೆ ಪಾದಚಾರಿಗಳಿಗೆ ಗಾಯ ಆಗೋ ಆಕ್ಸಿಡೆಂಟ್ 92% ಕಮ್ಮಿ ಅಂತ ತೋರಿಸಿದ್ದಾರೆ. ಕಂಪನಿಯವರೇ ಬರೆದ ಸ್ಟಡಿ, ಅದನ್ನ ಮನಸ್ಸಲ್ಲಿ ಇಟ್ಕೊಳ್ಳಿ, ಆದ್ರೆ ತಳ್ಳಿಹಾಕೋ ನಂಬರ್ ಅಲ್ಲ. ಇನ್ನೊಂದು ನಂಗೆ ತುಂಬಾ ಇಷ್ಟ ಆಗಿದ್ದು, 2015ರಲ್ಲಿ ಆಸ್ಟಿನ್ ನಗರದಲ್ಲಿ ಒಬ್ಬ ಅಂಧರು ಗೂಗಲ್‌ನ ಈ ಕಾರಲ್ಲಿ ಒಬ್ಬರೇ ಕೂತು ರಸ್ತೆಯಲ್ಲಿ ಸುತ್ತಾಡಿ ಬಂದ್ರು, ಸ್ಟೀರಿಂಗೂ ಇರ್ಲಿಲ್ಲ, ಪೆಡಲ್ಲೂ ಇರ್ಲಿಲ್ಲ. ಯಾರನ್ನೂ ಕಾಯದೆ, ಯಾರ ಹತ್ರಾನೂ ಕೇಳ್ಕೊಳ್ಳದೆ ಹೊರಗೆ ಹೋಗಿ ಬರೋದು ಅಂದ್ರೆ ಅವ್ರಿಗೆ ಎಷ್ಟು ದೊಡ್ಡ ವಿಷಯ ಯೋಚ್ನೆ ಮಾಡಿ.

ಕಷ್ಟ ಎಲ್ಲಿ ಬರುತ್ತೆ ಅಂದ್ರೆ ಪಾಠದಲ್ಲಿ ಇಲ್ಲದ್ದು ಎದುರಿಗೆ ಬಂದಾಗ. 2018 ಮಾರ್ಚಲ್ಲಿ ಅರಿಜೋನಾದ ಟೆಂಪಿಯಲ್ಲಿ ಊಬರ್ ಟೆಸ್ಟ್ ಮಾಡ್ತಿದ್ದ ಕಾರು, ಸೈಕಲ್ ತಳ್ಕೊಂಡು ರಸ್ತೆ ದಾಟ್ತಿದ್ದ ಮಹಿಳೆಯನ್ನ 5.6 ಸೆಕೆಂಡ್ ಮುಂಚೆನೇ ನೋಡಿತ್ತು. ಆದ್ರೆ ಒಮ್ಮೆ ವಾಹನ ಅಂತು, ಒಮ್ಮೆ ಬೇರೇನೋ ಅಂತು, ಒಮ್ಮೆ ಸೈಕಲ್ ಅಂತು, ಪ್ರತಿ ಸಲ ಹೆಸರು ಬದಲಾದಾಗ ಆಕೆ ಎತ್ತ ಹೋಗ್ತಿದ್ದಾರೆ ಅನ್ನೋ ಲೆಕ್ಕ ಮೊದಲಿಂದ ಶುರು. ಝೀಬ್ರಾ ಕ್ರಾಸಿಂಗ್ ಇಲ್ಲದ ಕಡೆನೂ ಜನ ದಾಟ್ತಾರೆ ಅಂತ ಅದಕ್ಕೆ ಕಲಿಸಿರ್ಲೇ ಇಲ್ಲ! ಕಾರು ತಪ್ಪು ಮಾಡಿದ್ರೆ ತಡೆಯೋಕೆ ಅಂತ ಸೀಟಲ್ಲಿ ಕೂತಿದ್ದ ಸೇಫ್ಟಿ ಡ್ರೈವರ್ ಫೋನ್ ನೋಡ್ತಿದ್ರು. ರಸ್ತೆ ದಾಟ್ತಿದ್ದ ಆ ಮಹಿಳೆ ಉಳೀಲಿಲ್ಲ.

ಈಗ ತಿಳೀದಿದ್ರೆ ಕೇಳೋಕೆ ಒಂದು ದಾರಿ ಇದೆ, ಗೊಂದಲ ಆದಾಗ ವೇಮೋ ಕಾರು ದೂರದಲ್ಲಿ ಕೂತಿರೋ ಸಿಬ್ಬಂದಿಗೆ ಪ್ರಶ್ನೆ ಕಳಿಸುತ್ತೆ, ಅವ್ರು ಓಡಿಸಲ್ಲ, ಉತ್ತರ ಮಾತ್ರ ಹೇಳ್ತಾರೆ. ಆದ್ರೆ 2025 ಡಿಸೆಂಬರ್ 20ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಭಾಗದಲ್ಲಿ ಕರೆಂಟ್ ಹೋಯ್ತು, ಅಲ್ಲಿನ ಸಿಗ್ನಲ್‌ಗಳು ಆಫ್, ತುಂಬಾ ಕಾರುಗಳು ಒಟ್ಟಿಗೆ ಕೇಳೋಕೆ ಶುರು ಮಾಡಿ ಉತ್ತರ ಲೇಟಾಗಿ ಸರ್ಕಲ್‌ಗಳಲ್ಲಿ ಹಂಗೇ ನಿಂತುಬಿಟ್ವು. ಸರ್ವಿಸ್ಸೇ ನಿಲ್ಲಿಸಬೇಕಾಯ್ತು. ಸಿಗ್ನಲ್ ಆಫ್ ಆಗೋದು ನಮ್ಮೂರಲ್ಲಿ ಎಷ್ಟು ಮಾಮೂಲಿ ಅಂತ ನಾನು ಹೇಳಬೇಕಿಲ್ಲ.

ಕೆಲಸದ ವಿಷಯ ಬಿಡೋಕಾಗಲ್ಲ. ನಿತಿನ್ ಗಡ್ಕರಿ 2023ರಲ್ಲಿ, 70-80 ಲಕ್ಷ ಡ್ರೈವರ್‌ಗಳ ಕೆಲಸ ಹೋಗುತ್ತೆ, ಇಂಥ ಕಾರು ಭಾರತಕ್ಕೆ ಬರೋಕೆ ಬಿಡಲ್ಲ ಅಂದಿದ್ರು. ನಮ್ಮನೆ ನಡೆದಿದ್ದೇ ಲಾರಿ ದುಡ್ಡಲ್ಲಿ, ನಾನು ಓದಿದ್ದೂ ಅದರಲ್ಲೇ, ಹಂಗಾಗಿ ಆ ಮಾತು ನಂಗೆ ನೇರ ಮನಸ್ಸಿಗೆ ತಾಗುತ್ತೆ. ಆದ್ರೆ ಬೆಂಗಳೂರಲ್ಲೇ ವಿಪ್ರೋ, ಐಐಎಸ್‌ಸಿ, ಆರ್‌ವಿ ಕಾಲೇಜು ಸೇರಿ ಡ್ರೈವರ್‌ಲೆಸ್ ಕಾರಿನ ಪ್ರೋಟೋಟೈಪ್ ಮಾಡಿ 2025ರಲ್ಲಿ ತೋರಿಸಿದ್ದಾರೆ, ಇದೇ ಹಳ್ಳ, ಇದೇ ಹಸು, ಇದೇ ರಾಂಗ್ ಸೈಡ್ ಬೈಕುಗಳ ಮಧ್ಯೆ ಓಡೋದನ್ನ ಇಲ್ಲಿನ ಹುಡುಗ್ರೇ ಕಲಿಸಲಿ ಅನ್ನೋದು ನನ್ನ ಆಸೆ.

ಈ ಸ್ಕ್ರಿಪ್ಟ್ ಬರೆಯುವಾಗ ಸ್ಯಾನ್ ಫ್ರಾನ್ಸಿಸ್ಕೋ ಕಥೆ ಅಪ್ಪಂಗೆ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಗಾಡಿ ಅಡಿಗೂ ಒಂದು ಕ್ಯಾಮೆರಾ ಹಾಕೋಕೆ ಹೇಳು" ಅಂದ್ರು. ಲಾರಿ, ಕ್ಯಾಬ್, ಬಸ್ ಓಡಿಸೋರು ಈ ವಿಡಿಯೋ ನೋಡ್ತಿದ್ರೆ ನೀವೂ ಹೇಳಿ, ನಿಮ್ಮ ರೂಟಲ್ಲಿ ಮಷಿನ್‌ಗೆ ಮೊದಲು ಕಲಿಸಬೇಕಾದ್ದು ಏನು? ಕಾಮೆಂಟಲ್ಲಿ ಬರೀರಿ, ಎಲ್ಲಾ ಓದ್ತೀನಿ.